ಹಿಂದಿನಿಂದ ಓದುವವರು

ನಲವತ್ತು ವರ್ಷ ಸಿನಿಮಾ ಹಾಡುಗಳಿಗೆ ಪಿಟೀಲು ನುಡಿಸಿದವನು ನಾನು. ನೀವು ಗುನುಗುವ ಹಾಡುಗಳಲ್ಲಿ ಹತ್ತಕ್ಕೆ ಎರಡರಲ್ಲಾದರೂ ನಾನಿದ್ದೇನೆ, ಆದರೆ ನನ್ನನ್ನು ನೀವು ಕೇಳಿಲ್ಲ. ಹನ್ನೆರಡು ಪಿಟೀಲು ಒಟ್ಟಿಗೆ ನುಡಿದಾಗ ಅದರಲ್ಲಿ ಮಗನದು ಯಾವುದು ಎಂದು ಹೆತ್ತ ತಾಯಿಗೂ ತಿಳಿಯುವುದಿಲ್ಲ. ಆ ಕೆಲಸದ ಸುಖವೂ ಅದೇ. ಸರಿಯಾಗಿ ನುಡಿಸಿದರೆ ಹೆಸರಿಲ್ಲ, ತಪ್ಪಿದರೆ ಗುಂಪಿನಲ್ಲಿ ಗೋವಿಂದ.

ಆದ್ದರಿಂದ ಪುಸ್ತಕದ ಹುಡುಗಿ ಫೋನ್ ಮಾಡಿ, "ಸರ್, ನಿಮ್ಮ ಹತ್ರ ಮಾತಾಡ್ಬೇಕು, ಒಂದೆರಡು ಗಂಟೆ ಕೊಡ್ತೀರಾ?" ಎಂದು ಕೇಳಿದಾಗ ಬೇರೆ ಯಾರಿಗೋ ಹೋಗಬೇಕಾದ ಫೋನು ನನಗೆ ಬಂದಿದೆ ಎಂದುಕೊಂಡೆ. ಹಾಡಿನ ಲೋಕದವರ ಮಾತುಕತೆಗಳನ್ನು ಸೇರಿಸಿ ಆಕೆ ಒಂದು ಪುಸ್ತಕ ಮಾಡುತ್ತಿದ್ದಳಂತೆ. ಹಾಡು ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲ ಮುಗಿದಿದ್ದರು. ಈಗ ನುಡಿಸಿದವರ ಸರದಿ. ಬಸ್ಸಿನಲ್ಲಿ ಕೊನೆಯ ಸೀಟು ಖಾಲಿ ಇದ್ದರೆ ಕರೆದು ಕೂರಿಸುತ್ತಾರಲ್ಲ, ಹಾಗೆ.

ವಿಷಯವನ್ನು ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕನಿಗೂ ಭಾವನಿಗೂ ಹೇಳಿದೆ. ನಾನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿರುವವನು. ಮದುವೆಯಾಗಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ 'ಒಂದೆರಡು ತಿಂಗಳು ಅಷ್ಟೇ' ಎಂದು ಪಿಟೀಲಿನ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದವನು ಎಪ್ಪತ್ತು ಹತ್ತಿರ ಬಂದರೂ ಇಳಿದು ಹೋಗಿಲ್ಲ. ಇಷ್ಟು ವರ್ಷ ಅಕ್ಕನ ಕೈ ಅಡುಗೆ ಉಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಹಾಡಿನ ವಿಷ್ಯ ಕೇಳ್ತಾರಾ?" ಎಂದರು.

"ಕೇಳೇ ಕೇಳ್ತಾರೆ ಭಾವ."

"ಹಾಗಾದ್ರೆ ಹೇಳ್ಬಿಡು. ಇದ್ದದ್ದು ಇದ್ದ ಹಾಗೆ."

ಅಕ್ಕ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಮೂವತ್ತೆಂಟು ವರ್ಷಗಳಲ್ಲಿ ಆ ಹಾಡಿನ ಬಗ್ಗೆ ಆ ಮನೆಯಲ್ಲಿ ನಾವು ಮೂವರೂ ಕೂತು ಆಡಿದ ಮೊದಲ ಮಾತು ಅದು.

"ನೀವೇ ಹೇಳಬಹುದಲ್ಲ ಭಾವ? ಆಕೆಗೆ ನಿಮ್ಮ ನಂಬರ್ ಕೊಡ್ತೀನಿ" ಎಂದೆ.

"ತಪ್ಪು ಮಾಡಿದೋನು ಅನ್ನಿಸ್ಕೊಂಡೋನೇ ಹೋಗಿ ನಂದು ತಪ್ಪಿಲ್ಲ ಅಂದ್ರೆ ಯಾರು ನಂಬ್ತಾರೆ? ನೋಡಿದೋನು ನೀನು. ನೀನೇ ಹೇಳ್ಬೇಕು." ಆಮೇಲೆ ತಮ್ಮ ನಡುಗುವ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು, "ನನ್ನ ಕೈ ತಪ್ಪು ಬರೀಲಿಲ್ಲ ಅಂತ ಒಂದ್ಸಲ ಅಚ್ಚಲ್ಲಿ ಬಂದ್ರೆ ಸಾಕು. ಕಣ್ಣು ಕಾಣೋವಾಗ್ಲೇ ಓದ್ಬೇಕು ಅಂತ ಆಸೆ" ಎಂದರು.

ಭಾವನ ಕಸುಬು ಏನೆಂದು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಆಗಿನ ಕಾಲದಲ್ಲಿ ಸಂಗೀತ ನಿರ್ದೇಶಕರು ಒಂದು ದೊಡ್ಡ ಹಾಳೆಯಲ್ಲಿ ಎಲ್ಲ ವಾದ್ಯಗಳ ಸ್ವರಗಳನ್ನೂ ಪೆನ್ಸಿಲಿನಿಂದ ಬರೆಯುತ್ತಿದ್ದರು. ಅವಸರದ ಬರಹ, ಕಾಗೆ ಕಾಲು ಗುಬ್ಬಿ ಕಾಲು. ಅದರಿಂದ ಪಿಟೀಲಿಗೆ ಬೇರೆ, ಕ್ಲಾರಿನೆಟ್ಟಿಗೆ ಬೇರೆ, ಡ್ರಮ್ಮಿಗೆ ಬೇರೆ ಎಂದು ಬಿಡಿಸಿ ನಲವತ್ತು ಜನರಿಗೆ ಶಾಯಿಯಲ್ಲಿ ಅಂದವಾಗಿ ಪ್ರತಿ ಬರೆದುಕೊಡುವವರು ಬೇರೆ ಇದ್ದರು. ಕಾಪಿಯವರು ಎನ್ನುತ್ತಿದ್ದೆವು. ಭಾವ ಕಾಪಿಯವರಲ್ಲಿ ಮೊದಲಿಗರು. ಅವರ ಹಾಳೆ ಸ್ಟ್ಯಾಂಡಿನ ಮೇಲೆ ಬಂದರೆ ಕನ್ನಡಕ ಮರೆತು ಬಂದವನೂ ನುಡಿಸಬಹುದಿತ್ತು.

ಅವರದೊಂದು ಪದ್ಧತಿಯಿತ್ತು. ಬರೆದು ಮುಗಿಸಿದ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಕೊನೆಯ ಸ್ವರದಿಂದ ಮೊದಲ ಸ್ವರದವರೆಗೆ ಹಿಂದಿನಿಂದ ಓದುತ್ತಿದ್ದರು. ಪುಟ ಸರಿಯಿದ್ದರೆ ಕೆಳಗೆ ಒಂದು ಸಣ್ಣ ಕೆಂಪು ಗೆರೆ. "ಮುಂದಿನಿಂದ ಓದಿದ್ರೆ ರಾಗ ಕಿವೀಲಿ ಹಾಡೋಕೆ ಶುರು ಮಾಡುತ್ತೆ. ರಾಗ ಹಾಡ್ತಿದ್ರೆ ತಪ್ಪು ಕಾಣಲ್ಲ, ಕಣ್ಣು ತಾನೇ ತಿದ್ಕೊಂಡು ಮುಂದೆ ಹೋಗುತ್ತೆ. ಹಿಂದಿನಿಂದ ಓದಿದ್ರೆ ಅಲ್ಲಿ ರಾಗ ಇರಲ್ಲ, ಬರೆದಿದ್ದು ಮಾತ್ರ ಇರುತ್ತೆ" ಎನ್ನುತ್ತಿದ್ದರು. ದಿನಪತ್ರಿಕೆಯನ್ನೂ ಕೊನೆಯ ಪುಟದಿಂದಲೇ ತೆರೆಯುವುದು. ಅಕ್ಕ ಆಗ ನಗುತ್ತಿದ್ದ ಕಾಲ. "ಇವರ ಕೈಗೆ ಪತ್ತೇದಾರಿ ಕಾದಂಬರಿ ಕೊಟ್ರೆ ಕೊಲೆಗಾರನ್ನ ಮೊದಲು ಹಿಡಿದು ಆಮೇಲೆ ಹೆಣ ಹುಡುಕ್ತಾರೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ಹಾಡಿನ ಹಾಳೆ ಮನೆಗೆ ಬಂದದ್ದು ರೆಕಾರ್ಡಿಂಗಿನ ಹಿಂದಿನ ದಿನ. ಬರೆದವರು ಆ ಹಾಡಿನ ಸಂಗೀತ ನಿರ್ದೇಶಕರು, ನಮ್ಮ ಮಾಸ್ಟರ್. ಊರಿಗೊಬ್ಬರೇ ಮಾಸ್ಟರ್, ಹೆಸರು ಬೇಕಿರಲಿಲ್ಲ. ಮಧ್ಯಾಹ್ನ ಭಾವ ನನ್ನನ್ನು ಮಹಡಿಯಿಂದ ಕರೆದರು.

"ಇಲ್ಲಿ ನೋಡು. ಎರಡನೇ ಚರಣಕ್ಕೆ ಮುಂಚೆ ಪಿಟೀಲು ಇಳಿದು ಬರುತ್ತಲ್ಲ, ಕೊನೇ ಸ್ವರಕ್ಕೆ ಅರ್ಧ ಮೆಟ್ಲು ಇಳಿಸೋ ಗುರುತು ಹಾಕಿದಾರೆ. ಮೊದಲನೇ ಚರಣದ ಹತ್ರ ಇದೇ ಸಾಲು ಬಂದಾಗ ಗುರುತಿಲ್ಲ. ಕೈತಪ್ಪು ಅನ್ಸುತ್ತೆ. ಹೋಗಿ ಕೇಳ್ಕೊಂಡು ಬರ್ಲಾ?"

ನೋಡಿದೆ. ಮಾಸ್ಟರ್ ಕೈಯ ಪೆನ್ಸಿಲ್ ಗುರುತು ಸ್ಪಷ್ಟವಾಗಿಯೇ ಇತ್ತು. ಕೈತಪ್ಪೆಂದು ನನಗೂ ಅನ್ನಿಸಿತು. ಆದರೆ ಆ ವಾರವಷ್ಟೇ ಮಾಸ್ಟರ್ ನನ್ನನ್ನು ಮೂರನೆಯ ಸಾಲಿನಿಂದ ಮುಂದಿನ ಸಾಲಿಗೆ ಕರೆದಿದ್ದರು. ನನ್ನ ಭಾವನೇ ಅವರ ಬಾಗಿಲಿಗೆ ಹೋಗಿ 'ನಿಮ್ಮದು ತಪ್ಪು' ಅನ್ನುವುದು ನನಗೆ ಬೇಕಿರಲಿಲ್ಲ.

"ದೊಡ್ಡೋರು ಬರೆದಿದ್ದು ಭಾವ. ಏನೋ ಮನಸ್ಸಲ್ಲಿಟ್ಕೊಂಡೇ ಬರೆದಿರ್ತಾರೆ. ನಿಮಗ್ಯಾಕೆ ಊರ ಉಸಾಬರಿ? ಇದ್ದದ್ದು ಇದ್ದ ಹಾಗೆ ಇಳಿಸಿ" ಎಂದೆ. ಹೇಳಿ ಮಹಡಿಗೆ ಹೋಗಿ ಮಲಗಿದೆ. ನಿದ್ದೆಯೂ ಚೆನ್ನಾಗಿ ಬಂತು.

ಆಗ ಹಾಡುವವರೂ ನುಡಿಸುವವರೂ ಒಂದೇ ಹಾಲಿನಲ್ಲಿ ಒಟ್ಟಿಗೆ. ಒಬ್ಬ ಕೆಮ್ಮಿದರೆ ನಲವತ್ತು ಜನ ಮತ್ತೆ ಮೊದಲಿನಿಂದ. ಮಾಸ್ಟರ್ ಮೊದಲ ಚರಣದವರೆಗೆ ಅಭ್ಯಾಸ ಮಾಡಿಸಿ, "ಎರಡನೇದೂ ಇದೇ ಥರ, ನಡೀರಿ" ಎಂದರು. ಹನ್ನೊಂದು ಸಲ ಮೊದಲ ಚರಣದೊಳಗೇ ಏನಾದರೊಂದು ಕೆಟ್ಟಿತು. ಹನ್ನೆರಡನೆಯ ಸಲ ಗಾಯಕಿ ಕಣ್ಣು ಮುಚ್ಚಿಕೊಂಡು ಹಾಡತೊಡಗಿದರು. ಹಾಡು ನಿಲ್ಲಲಿಲ್ಲ. ನಾವು ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ನುಡಿಸಿದೆವು. ಆ ಸ್ವರ ಅರ್ಧ ಮೆಟ್ಟಿಲು ಇಳಿದು ಅಲ್ಲೇ ಕೂತುಬಿಟ್ಟಿತು. ಮಾಸ್ಟರ್ ಮುಖ ಗಂಟಿಕ್ಕಿತು, ಆದರೆ ಗಾಯಕಿಯನ್ನು ತಡೆಯುವ ಹಾಗಿರಲಿಲ್ಲ. ಹಾಡು ಮುಗಿಸಿ ಆಕೆ ರೈಲಿಗೆ ಹೊರಟರು. ಆ ಒಂದು ಟೇಕನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಮಾಸ್ಟರ್ ಕೋಲು ಕೆಳಗಿಟ್ಟು, "ಯಾರು ಬರೆದಿದ್ದು ಇದನ್ನ?" ಎಂದರು.

ಭಾವ ಗೋಡೆಯ ಹತ್ತಿರ ಶಾಯಿಯ ಡಬ್ಬಿ ಹಿಡಿದು ನಿಂತಿದ್ದರು. "ನಿಮ್ಮ ಹಾಳೇಲಿ ಹಾಗೇ ಇತ್ತು ಸರ್."

ಮಾಸ್ಟರ್ ತಮ್ಮ ಹಾಳೆ ತೆಗೆದು ನೋಡಿದರು. ನಾನು ಎರಡು ಮೊಳ ದೂರದಲ್ಲಿದ್ದೆ. ಗುರುತು ಅವರ ಕಣ್ಣಿಗೆ ಬಿದ್ದದ್ದೂ ಕಂಡಿತು, ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಸೇರಿಸಿದ್ದೂ ಕಂಡಿತು.

"ನನ್ನ ಹಾಳೇಲಿ ಸರಿಯಾಗೇ ಇದೆ. ಕಣ್ಣು ಕಾಣದೋರ ಕೈಗೆ ಕಾಪಿ ಕೊಟ್ಟಿದ್ದೇ ನನ್ನ ತಪ್ಪು" ಎಂದರು ಮಾಸ್ಟರ್.

ನಲವತ್ತು ಜನರಲ್ಲಿ ಭಾವ ನೋಡಿದ್ದು ನನ್ನೊಬ್ಬನನ್ನೇ. ನಾನು ಕಮಾನಿಗೆ ರಾಳ ತಿಕ್ಕುತ್ತಿದ್ದೆ. ತಿಕ್ಕುವ ಅಗತ್ಯವೇ ಇರಲಿಲ್ಲ. ಹಾಡು ಮುಗಿದಿತ್ತು.

ಮುಂದಿನದು ನಿಮಗೂ ಗೊತ್ತಿರಬಹುದು. ಆ ಹಾಡು ಊರೂರು ಸುತ್ತಿತು. ಎಲ್ಲರೂ ಹಿಡಿದುಕೊಂಡದ್ದು ಆ ಇಳಿದ ಸ್ವರವನ್ನೇ. ಅಲ್ಲಿ ಎದೆ ಹಿಂಡುತ್ತದೆ ಎಂದು ಪತ್ರಿಕೆಗಳು ಬರೆದವು. ಎರಡು ವರ್ಷದ ಮೇಲೆ ರೇಡಿಯೋದಲ್ಲಿ ಮಾಸ್ಟರ್, "ಆ ಒಂದು ಸ್ವರಕ್ಕಾಗಿ ಎಂಟು ದಿನ ತಪಸ್ಸು ಮಾಡಿದೆ" ಎಂದರು. ಅಕ್ಕ ಎದ್ದು ರೇಡಿಯೋ ಆರಿಸಿದಳು. "ತಪ್ಪಾಗಿದ್ದಾಗ ಇವರದು, ಒಪ್ಪಾದ ಮೇಲೆ ಅವನದು" ಎಂದು ಅಡುಗೆಮನೆಯ ಗೋಡೆಗೆ ಹೇಳಿದಳು. ಭಾವನಿಗೆ ಅಷ್ಟರಲ್ಲಿ ಸ್ಟುಡಿಯೋಗಳಲ್ಲಿ 'ತಪ್ಪು ಕಾಪಿ' ಎಂದೇ ಹೆಸರು ಬಿದ್ದಿತ್ತು. ಆ ಸ್ವರವನ್ನು ಜಗತ್ತು ಹಾಡಿ ಹೊಗಳುತ್ತಿರುವಾಗಲೂ ಆ ಹೆಸರು ಹೋಗಲಿಲ್ಲ. ಎರಡನ್ನೂ ಸೇರಿಸಿ ನೋಡುವ ವ್ಯವಧಾನ ಯಾರಿಗಿತ್ತು? ಅವರು ಶಾಲೆಗಳ ಪ್ರಮಾಣಪತ್ರಗಳ ಮೇಲೆ ಮಕ್ಕಳ ಹೆಸರು ಬರೆಯುವ ಕೆಲಸ ಹಿಡಿದರು. ಅದನ್ನೂ ಹಿಂದಿನಿಂದ ಓದಿ ನೋಡುತ್ತಿದ್ದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಹೋದದ್ದು ಅಡಿಕೆಗೂ ಅಲ್ಲ, ಸಾಸಿವೆಯಷ್ಟು ಒಂದು ಗುರುತಿಗೆ. ನನ್ನ ಮುಂದಿನ ಸಾಲಿನ ಕುರ್ಚಿ ಮಾತ್ರ ಹೋಗಲಿಲ್ಲ. ಇನ್ನೂ ಹದಿನೆಂಟು ವರ್ಷ ಅದರಲ್ಲಿ ಕೂತೆ.

ಪುಸ್ತಕದ ಹುಡುಗಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದಳು. ಭಾವ ಅವಳಿಗೆ ಮೆಟ್ಟಿಲು ತೋರಿಸಿ, "ನಾನು ಕಟಿಂಗ್ ಶಾಪಿಗೆ ಹೋಗಿ ಬರ್ತೀನಿ. ನೀನು ನಿರಾಳವಾಗಿ ಮಾತಾಡು" ಎಂದು ನನಗೆ ಕೂಗಿ ಹೇಳಿ ಹೊರಟರು. ತಲೆಯಲ್ಲಿ ಕೂದಲು ಇದ್ದದ್ದೇ ನಾಲ್ಕು. ನನಗೆ ಮುಜುಗರವಾಗದಿರಲಿ ಎಂದು ಹೋಗಿದ್ದು.

ಹುಡುಗಿ ಕೆದಕಿ ಕೇಳುವುದರಲ್ಲಿ ಜಾಣೆ. ರೆಕಾರ್ಡರನ್ನು ನನ್ನ ಔಷಧಿ ಡಬ್ಬಗಳ ನಡುವೆ ಇಟ್ಟು, "ಅಷ್ಟು ದೊಡ್ಡ ಹಾಡುಗಳ ಒಳಗೆ ಕೂತಿದ್ದಾಗ ಹೇಗನ್ನಿಸ್ತಿತ್ತು ಸರ್?" ಎಂದಳು.

"ಹಾಡು ಹೇಗಿದೆ ಅಂತ ನಮಗೆ ಗೊತ್ತೇ ಆಗ್ತಿರಲಿಲ್ಲಮ್ಮ. ನಮ್ಮ ಹಾಳೇಲಿ ನಮ್ಮ ಸ್ವರ ಮಾತ್ರ. ಮಿಕ್ಕ ಹೊತ್ತು ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಎಣಿಸ್ತಾ ಕೂರೋದು. ಮಾತು ಏನಿತ್ತು ಅಂತ ಗೊತ್ತಾಗ್ತಿದ್ದದ್ದು ಎರಡು ತಿಂಗಳಾದ ಮೇಲೆ, ಹೋಟೆಲಲ್ಲಿ ಟೀ ಕುಡೀತಾ ಹಾಡು ಕೇಳಿದಾಗ. ಒಂದ್ಸಲ ಸಾವಿನ ಹಾಡಿಗೆ ನಗುನಗ್ತಾ ನುಡಿಸಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಪ್ರಶಸ್ತಿನೂ ಬಂತು ಅದಕ್ಕೆ."

ಅವಳು ನಕ್ಕಳು. ನಗಿಸುವುದು ನನಗೆ ಬರುತ್ತದೆ. ಹೀಗೆ ಒಂದು ಗಂಟೆ ಹೋಯಿತು. ಆಮೇಲೆ ಅವಳೇ ಆ ಹಾಡನ್ನು ಎತ್ತಿದಳು. "ಮಾಸ್ಟರ್ ಆ ಸ್ವರದ ಕಥೆ ಹೇಳಿದ್ರು ಸರ್, ಎಂಟು ದಿನ..."

"ಸುಳ್ಳು" ಎಂದೆ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಭಾವ ನನಗೆ ಹಾಳೆ ತೋರಿಸಿದ್ದು, ಗುರುತು ಮಾಸ್ಟರ್ ಕೈಯದೇ ಆಗಿದ್ದದ್ದು, ಹನ್ನೆರಡನೆಯ ಟೇಕು, ನಾಲ್ಕು ಮಡಿಕೆ, ಒಳಜೇಬು. ಮೂವತ್ತೆಂಟು ವರ್ಷ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆನಲ್ಲ, ಎಲ್ಲೂ ತಡವರಿಸಲಿಲ್ಲ. ನಿದ್ದೆಗೆ ಹೋಗುವ ಮುಂಚೆ ನಾನು ಭಾವನಿಗೆ ಹೇಳಿದ ಬುದ್ಧಿವಾದ ಮಾತ್ರ ಬಿಟ್ಟುಹೋಯಿತು. ಬಿಟ್ಟುಹೋಯಿತು ಅನ್ನುವುದೂ ಸುಳ್ಳೇ, ಬಿಟ್ಟೆ.

ಹುಡುಗಿ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ಹನ್ನೆರಡು ಪಿಟೀಲಿನಲ್ಲಿ ಒಂದಾಗಿ ನೋಡಿದ್ದರೇ ಹೊರತು, ಒಂದೇ ಪಿಟೀಲಾಗಿ ಅಲ್ಲ.

"ಆಗ ನೀವೇನ್ಮಾಡಿದ್ರಿ ಸರ್?" ಎಂದಳು.

ಇದೊಂದು ಪ್ರಶ್ನೆಗೆ ನಾನು ಅಭ್ಯಾಸ ಮಾಡಿರಲಿಲ್ಲ.

"ಎದ್ದು ನಿಂತೆ" ಎಂದೆ. "ಮಾಸ್ಟರ್, ಆ ಹಾಳೆ ನಾನೂ ನೋಡಿದೀನಿ, ತಪ್ಪು ಕಾಪಿಯವರದಲ್ಲ ಅಂದೆ."

"ಅಷ್ಟು ಜನರ ಮುಂದೆ?"

"ಅಷ್ಟು ಜನರ ಮುಂದೆ."

"ಆಮೇಲೆ?"

"ಆಮೇಲೇನು? ಕೂರಯ್ಯಾ ಅಂದ್ರು. ಕೂತೆ."

ಅವಳ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು, ಅದೇ ನಾಚಿಕೆಗೇಡು. ಎದ್ದು ನಿಂತವನ ಧೈರ್ಯಕ್ಕೆ ನಾನೇ ಕರಗಿಹೋಗಿದ್ದೆ.

ಅವಳು ಹೋದ ಮೇಲೆ ಭಾವ ಬಂದರು. ಕುತ್ತಿಗೆಯ ಮೇಲೆ ಪೌಡರ್ ಇನ್ನೂ ಇತ್ತು.

"ಹೇಳಿದ್ಯಾ?"

"ಹೇಳಿದೆ ಭಾವ."

"ಎಲ್ಲಾ?"

"ಎಲ್ಲಾ."

ಆವತ್ತು ಸಂಜೆ ಭಾವ ಅಕ್ಕನ ಹತ್ತಿರ ಎರಡನೆಯ ಸಲ ಟೀ ಕೇಳಿ ಕುಡಿದರು. ಆಮೇಲೆ ಕಿಟಕಿಯ ಹತ್ತಿರ ಕೂತು, ಎರಡನೆಯ ಚರಣದ ಮುಂಚಿನ ಆ ಪಿಟೀಲಿನ ಸಾಲನ್ನು ಮೆಲ್ಲಗೆ ಗುನುಗಿದರು. ಇಳಿಯುವ ಸ್ವರವನ್ನು ಇಳಿದ ಹಾಗೇ ಹಾಡಿದರು. ಆ ಮನೆಯಲ್ಲಿ ಆ ಹಾಡು ಕೇಳಿಬಂದದ್ದು ರೇಡಿಯೋ ಆರಿಸಿದ ದಿನದಿಂದ ಅದೇ ಮೊದಲು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಗಲೇ ಬಾಯಿಬಿಡಬೇಕಿತ್ತು ನಾನು. ಮುಂದಿನ ವಾರ ಹೇಳಿದರಾಯಿತು, ಹುಡುಗಿಗೆ ಫೋನ್ ಮಾಡಿ ತಿದ್ದಿಸಿದರಾಯಿತು ಎಂದುಕೊಂಡೆ.

ಅವಕಾಶಗಳು ಬರಲಿಲ್ಲ ಎನ್ನುವಂತಿಲ್ಲ. ತಿಂಗಳಾದ ಮೇಲೆ ನನ್ನ ಮಾತುಕತೆಯ ಹನ್ನೊಂದು ಪುಟಗಳನ್ನು ನೋಡಿಕೊಡಿ ಎಂದು ಹುಡುಗಿ ಕಳಿಸಿದಳು. ಭಾವ ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಸಿದ್ಧರಾಗಿದ್ದರು. "ಕೊಡು ಇಲ್ಲಿ, ಒಂದ್ಸಲ ಹಿಂದಿನಿಂದ ನೋಡಿಬಿಡ್ತೀನಿ."

"ಬೇಡ ಭಾವ. ಸಣ್ಣ ಅಕ್ಷರ, ಕಣ್ಣಿಗೆ ಆಯಾಸ. ನಾನೇ ನೋಡಿದೀನಿ."

"ಮುಂದಿನಿಂದ ನೋಡಿರ್ತೀಯ."

"ಪುಸ್ತಕ ಆಗಿ ಬರ್ಲಿ, ಆರಾಮಾಗಿ ಓದೋರಂತೆ."

ಅವರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ನಾನು ಮುಂದಿನಿಂದಲೇ ಓದಿದ್ದೆ. ಎಷ್ಟು ಚೆನ್ನಾಗಿ ಹರಿಯುತ್ತಿತ್ತೆಂದರೆ, 'ಎದ್ದು ನಿಂತೆ' ಎಂಬಲ್ಲಿ ನನಗೆ ಎಲ್ಲೂ ಅಪಸ್ವರ ಕೇಳಿಸಲಿಲ್ಲ.

ಮತ್ತೆ ಹುಡುಗಿಯ ಫೋನು. "ಸರ್, ಒಂದು ಸಣ್ಣ ತೊಂದರೆ. ಕ್ಲಾರಿನೆಟ್ ನುಡಿಸ್ತಿದ್ದೋರ ಹತ್ರನೂ ಮಾತಾಡಿದೆ. ಆ ದಿನ ಅವರೂ ಇದ್ರಂತೆ. ಯಾರೂ ಎದ್ದು ನಿಲ್ಲಲಿಲ್ಲ ಅಂತಾರೆ."

ಆ ಕ್ಲಾರಿನೆಟ್ಟಿನವನನ್ನು ನಾವು ಹೌದಪ್ಪ ಎಂದು ಕರೆಯುತ್ತಿದ್ದೆವು. ಮಾಸ್ಟರ್ ಏನು ಹೇಳಿದರೂ ಹೌದಪ್ಪ. ಜೀವಮಾನದಲ್ಲಿ ಒಮ್ಮೆ ಇಲ್ಲ ಎನ್ನಲು ಅವನಿಗೆ ನನ್ನ ಗಳಿಗೆಯೇ ಸಿಗಬೇಕೆ?

"ಆ ಹಾಳೆಯ ವಿಷ್ಯ ಅವನೇನಂದ?" ಎಂದು ಕೇಳಿದೆ.

"ಹಾಳೆ ಅವರು ನೋಡಿಲ್ವಂತೆ. 'ಯಾರಮ್ಮ ಎದ್ದು ನಿಲ್ತಾರೆ? ಎಲ್ಲರೂ ಅವರವರ ಕಾಲು ನೋಡ್ಕೊಂಡು ಕೂತಿದ್ವಿ, ನಾನೂ' ಅಂದ್ರು. ಏನ್ ಮಾಡ್ಲಿ ಸರ್?"

ಬಾಗಿಲು ಇಷ್ಟಗಲ ತೆರೆದಿತ್ತು. 'ಅವನು ಹೇಳಿದ್ದೇ ಸರಿ, ನಂದು ತೆಗೆದುಬಿಡಮ್ಮ' ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು.

"ಅವನಿಗೆ ನಿನ್ನೆ ಉಂಡ ಊಟ ಇವತ್ತು ನೆನಪಿರಲ್ಲ" ಎಂದೆ.

"ಸರಿ ಸರ್. ಇಬ್ಬರದೂ ಹಾಕ್ತೀನಿ."

ಪುಸ್ತಕ ಬಿಡುಗಡೆ ಒಂದು ಭಾನುವಾರ ಬೆಳಿಗ್ಗೆ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಕ್ಕನ ಜೊತೆ ಮೂರನೆಯ ಸಾಲಿನಲ್ಲಿ ಕೂತರು. ಅವರ ಇನ್ನೊಂದು ಪಕ್ಕದಲ್ಲಿ ನಾನು. ಭಾವನ ಜೇಬಿನಲ್ಲಿ ಅಭ್ಯಾಸಬಲದಿಂದ ಕೆಂಪು ಪೆನ್ಸಿಲ್. ಹಳೆಯ ಸ್ಟುಡಿಯೋದ ಒಂದಿಬ್ಬರು ಅವರನ್ನು ಗುರುತಿಸಿ ತಲೆ ಬಾಗಿಸಿದರು. ಪುಸ್ತಕ ಆಗಲೇ ಆ ಹಳಬರ ಕೈಗೆ ಬಂದಿತ್ತೋ ಏನೋ, ಒಬ್ಬ ಹತ್ತಿರ ಬಂದು, "ನಿಜ ಇಷ್ಟು ದಿನಕ್ಕಾದ್ರೂ ಬಂತಲ್ಲ ಸಾರ್" ಎಂದು ಭಾವನ ಕೈ ಹಿಡಿದುಕೊಂಡ. ಭಾವನ ಮುಖ ನೋಡಲಾರದೆ ನಾನು ವೇದಿಕೆಯ ಬ್ಯಾನರನ್ನು ಎರಡೆರಡು ಸಲ ಓದಿದೆ.

ಕೊನೆಗೆ ಮಾತಾಡಿದವರು ಮಾಸ್ಟರ್. ಎಂಬತ್ತೈದಾದರೂ ಗಂಟಲು ಕುಗ್ಗಿರಲಿಲ್ಲ.

"ಪುಸ್ತಕ ಚೆನ್ನಾಗಿದೆ" ಎಂದರು. "ಇದರಲ್ಲಿ ನಮ್ಮ ಪಿಟೀಲಿನವರೊಬ್ಬರು ಎದ್ದು ನಿಂತಿದ್ದಾರೆ." ಜನ ನಕ್ಕರು. "ಕ್ಲಾರಿನೆಟ್ಟಿನವರು ಅದೇ ಪುಸ್ತಕದಲ್ಲಿ, ಯಾರೂ ನಿಲ್ಲಲಿಲ್ಲ ಅಂತಾರೆ. ನಾನು ಒಂದೇ ಮಾತು ಕೇಳ್ತೀನಿ. ನನ್ನೆದುರು ಎದ್ದು ನಿಂತು ನಿಮ್ಮದು ತಪ್ಪು ಅಂದೋನಿಗೆ ಮಾರನೇ ದಿನ ನನ್ನ ಹತ್ರ ಕುರ್ಚಿ ಇರ್ತಿತ್ತಾ? ಇಲ್ಲಿರೋ ಹಳಬರಿಗೆಲ್ಲ ಗೊತ್ತು, ನಾನು ಒಳ್ಳೆಯೋನಲ್ಲ." ಮತ್ತೆ ನಗು, ಚಪ್ಪಾಳೆ. "ಈ ಮಹಾಶಯರು ಆಮೇಲೆ ಹದಿನೆಂಟು ವರ್ಷ ನನ್ನ ಮುಂದಿನ ಸಾಲಲ್ಲೇ ಕೂತಿದ್ರು. ಇವರು ನಿಂತಿದ್ದು ಎಷ್ಟು ನಿಜವೋ, ಆ ಹಾಳೆಯ ಕಥೆನೂ ಅಷ್ಟೇ ನಿಜ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಸುಳ್ಳುಗಾರ ಮಾಸ್ಟರ್ ಆ ದಿನ ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಕೊನೆಯ ವಾಕ್ಯದ ವರೆಗೆ. ಆ ಕೊನೆಯ ವಾಕ್ಯ ನಿಲ್ಲುವುದಕ್ಕೆ ಮೆಟ್ಟಿಲು ಕಟ್ಟಿಕೊಟ್ಟವನು ನಾನು. ಕೈ ಹಿಡಿದುಕೊಂಡಿದ್ದವನು ದೂರದ ಸಾಲಿನಿಂದ ಭಾವನನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ಭಾವ ಮಡಿಲಲ್ಲಿದ್ದ ಪುಸ್ತಕವನ್ನು ಮುಚ್ಚಿದರು. ಕೈಯನ್ನು ಅದರ ಮೇಲೆ ಇಟ್ಟುಕೊಂಡರು.

ಮನೆಗೆ ಬಂದು ಭಾವ ಒಳಗೆ ಹೋದ ಮೇಲೆ ಅಕ್ಕ ನನ್ನನ್ನು ಮೆಟ್ಟಿಲ ಬುಡದಲ್ಲಿ ತಡೆದಳು.

"ಎದ್ದು ನಿಂತೆ ಅಂದ್ಯಾ?"

"ಬಾಯಿಗೆ ಬಂದ್ಬಿಡ್ತು ಅಕ್ಕ."

"ನನಗೆ ಆವತ್ತೇ ಗೊತ್ತಿತ್ತು ಕಣೋ. ಹಾಳೆ ನಿನಗೆ ತೋರಿಸಿದ್ದು, ನೀನು ಹಾಗೇ ಇಳಿಸಿ ಅಂದಿದ್ದು, ಅಲ್ಲಿ ರಾಳ ತಿಕ್ತಾ ಕೂತಿದ್ದು, ಎಲ್ಲಾ ಗೊತ್ತಿತ್ತು. ಇವರು, ಹೋಗ್ಲಿ ಬಿಡು, ಅವನಿಗೂ ಹೊಟ್ಟೆಪಾಡು, ಊಟಕ್ಕೆ ಕೂತೋನ ಮುಂದೆ ಆಡ್ಬೇಡ ಅಂದ್ರು. ಆಡಲಿಲ್ಲ. ಇಷ್ಟು ವರ್ಷ ಬಡಿಸಿದೆ." ಅವಳ ದನಿ ಏರಲೇ ಇಲ್ಲ, ಅದೇ ಕಷ್ಟವಾಗಿತ್ತು. "ಮೂವತ್ತೆಂಟು ವರ್ಷ ಕೂತಿದ್ದೋನು. ಕೂತಿದ್ದೆ ಅಂತ ಒಂದ್ಸಲ ಹೇಳೋಕೆ ಏನಾಗಿತ್ತೋ ನಿನಗೆ? ಅಷ್ಟು ಹೇಳಿದ್ರೆ ಎಲ್ಲರೂ ನಂಬ್ತಿದ್ರಲ್ಲೋ. ಹೇಡಿ ಅಂತ ಒಪ್ಕೊಂಡೋನ ಮಾತು ಯಾರು ತೆಗೆದುಹಾಕ್ತಾರೆ?"

ಒಂದು ತೊಟ್ಟು ಹುಳಿಗೆ ಇಡೀ ಪಾತ್ರೆಯ ಹಾಲು ಒಡೆದಿತ್ತು. ಅದನ್ನು ಹಿಂಡಿದವನು ಮಾಸ್ಟರ್ ಅಲ್ಲ, ಹೌದಪ್ಪನೂ ಅಲ್ಲ.

ಎರಡು ದಿನ ನಾನು ಕೆಳಗಿಳಿಯಲಿಲ್ಲ. ತಟ್ಟೆ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು. ಮೂರನೆಯ ದಿನ ತಟ್ಟೆಯ ಪಕ್ಕದಲ್ಲಿ ಪುಸ್ತಕವೂ ಇತ್ತು.

ಭಾವ ಓದಿ ಮುಗಿಸಿದ್ದರು. ನನ್ನ ಮಾತುಕತೆಯ ಹನ್ನೊಂದು ಪುಟಗಳಲ್ಲಿ ಒಂಬತ್ತರ ಕೆಳಗೆ ಸಣ್ಣ ಕೆಂಪು ಗೆರೆಯಿತ್ತು. ಗೆರೆ ನಡುಗಿತ್ತು, ಆದರೆ ಇರಬೇಕಾದ ಜಾಗದಲ್ಲೇ ಇತ್ತು. ಸಾವಿನ ಹಾಡಿಗೆ ನಗುತ್ತಾ ನುಡಿಸಿದೆ ಎಂಬ ಪುಟಕ್ಕೂ ಗೆರೆ. ನಾಲ್ಕು ಮಡಿಕೆ, ಒಳಜೇಬು, ಅದಕ್ಕೂ ಗೆರೆ. ಭಾವ ನನಗೆ ಹಾಳೆ ತೋರಿಸಿದರು ಎಂಬ ಪುಟದಲ್ಲಿ ಗೆರೆಯಿರಲಿಲ್ಲ. ಆ ವಾಕ್ಯ ಮುಗಿಯುವಲ್ಲಿ, ಇಲ್ಲಿ ಏನೋ ಬಿಟ್ಟುಹೋಗಿದೆ ಎಂದು ಕಾಪಿಯವರು ಹಾಕುವ ಒಂದು ಪುಟ್ಟ ಮೊಳೆ ಗುರುತು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಮುಂದೆ, 'ಎದ್ದು ನಿಂತೆ' ಎಂಬ ಎರಡು ಪದಗಳ ಸುತ್ತ ಕೆಂಪು ವೃತ್ತ. ಅಂಚಿನಲ್ಲಿ ಆ ಹಳೆಯ ಅಂದದ ಅಕ್ಷರ, ಒಂದೊಂದನ್ನೂ ಒತ್ತಿ ಹಿಡಿದು ಬರೆದದ್ದು: 'ಕೂತೇ ಇದ್ದೆ.'

ಪುಸ್ತಕ ಹಿಡಿದು ಕೆಳಗೆ ಹೋದೆ. ಭಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಎದುರಿಗೆ ನಾನು ಯಾವಾಗಲೂ ಕೂರುವ ಕುರ್ಚಿ ಖಾಲಿಯಿತ್ತು.

"ಭಾವ, ಹುಡುಗಿಗೆ ಫೋನ್ ಮಾಡ್ತೀನಿ. ಇನ್ನೊಂದ್ಸಲ ಅಚ್ಚು ಹಾಕೋವಾಗ ತಿದ್ದಿಸ್ತೀನಿ."

"ಬೇಡ. ಇನ್ನು ತಿದ್ದಿದ್ರೆ ಎರಡ್ಸಲ ಸುಳ್ಳು ಹೇಳ್ದ ಅಂತಾರೆ." ಅವರಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. "ನಾನೂ ಒಂದು ತಪ್ಪು ಮಾಡಿದೀನಿ ಕಣೋ. ಹಿಂದಿನಿಂದ ಓದಿ ಆ ಗುರುತು ಕಂಡಾಗ ಸೀದಾ ಅವರ ಮನೆಗೆ ಹೋಗಿ ಕೇಳ್ಬೇಕಿತ್ತು. ನಿನ್ನ ಕೇಳ್ದೆ."

ಹೇಳಿ, ದಿನಪತ್ರಿಕೆ ಎತ್ತಿಕೊಂಡು ಕೊನೆಯ ಪುಟ ತೆರೆದರು. ನಾನು ಪುಸ್ತಕ ಹಿಡಿದುಕೊಂಡು ಅವರೆದುರು ನಿಂತೇ ಇದ್ದೆ. ಕೂತ್ಕೋ ಎಂದು ಅವರು ಹೇಳಲಿಲ್ಲ.